37 ಡಿಗ್ರಿಯಿಂದ ಹೊರಗೆ ತೆಗೆ, ಪುಟ್ಟಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ಸಂಕಟವಾಯಿತು. ಬೆಳಕಿನ ಜೀನು ಸೇರಿಸಿ ಮೂರು ಸಲ ಮಾಡಿದರೂ ಇ. ಕೊಲೈ ಬ್ಯಾಕ್ಟೀರಿಯಾ ಕತ್ತಲಲ್ಲಿ ಬೆಳಗಲಿಲ್ಲ, ಪ್ರಾಜೆಕ್ಟನ್ನೇ ಬಿಡುತ್ತೇನೆ ಎಂದೆ. ಇನ್‌ಕ್ಯುಬೇಟರ್ ಎಷ್ಟು ಡಿಗ್ರಿಯಲ್ಲಿತ್ತು ಅಂತ ನಾನು ಕೇಳಲೇ ಇಲ್ಲ. 37 ಅಲ್ವಾ?

ಇ. ಕೊಲೈ ಕರುಳಿನಲ್ಲಿ ಬಾಳುವ ಜೀವಿ, ಅದಕ್ಕೆ 37 ಹಿತ. ಆದರೆ ನೀನು ಅದರೊಳಗೆ ಸೇರಿಸಿದ ಬೆಳಕು ಕೊಡುವ ಲಕ್ಸ್ ಜೀನುಗಳು ಸಮುದ್ರದ ವಿಬ್ರಿಯೊ ಫಿಶರಿ ಬ್ಯಾಕ್ಟೀರಿಯಾದವು. ಹವಾಯಿಯ ಪುಟ್ಟ ಸ್ಕ್ವಿಡ್ಡಿನ ಮೈಯಲ್ಲಿ ಬೆಳಗುವುದು ಇದೇ. ಅದರ ಲೂಸಿಫರೇಸ್, ಅಂದರೆ ಬೆಳಕು ಹುಟ್ಟಿಸುವ ಕಿಣ್ವ, 30 ದಾಟಿದರೆ ಸರಿಯಾಗಿ ಮಡಿಚಿಕೊಳ್ಳುವುದಿಲ್ಲ, ಕೆಲಸ ಬಿಡುತ್ತದೆ. ಜೀನುಗಳನ್ನು ಚಾಲೂ ಮಾಡುವ ಲಕ್ಸ್‌ಆರ್ ಪ್ರೋಟೀನಿಗೂ 37ರಲ್ಲಿ ಇದೇ ಪಾಡು. ಹಾಗಾಗಿ ಜೀನು ಇದ್ದರೂ ಬೆಳಕಿಲ್ಲ. ನಿನ್ನ ಕೈಯಲ್ಲಿ ತಪ್ಪಿಲ್ಲ, ಮಗಳೇ.

ನಾನು ಹೊಸದಾಗಿ ಲ್ಯಾಬ್ ಸೇರಿದಾಗ ಬ್ಯಾಕ್ಟೀರಿಯಾ ಬೆಳೆಸಿಯೂ ಕತ್ತಲಾಗಿದ್ದ ಪ್ಲೇಟುಗಳನ್ನೆಲ್ಲ ಕೆಟ್ಟವೆಂದು ಆಟೋಕ್ಲೇವಿನ ಬಿಸಿ ಹಬೆಯಲ್ಲಿ ಕೊಂದು ಎಸೆದುಬಿಟ್ಟಿದ್ದೆ. ಎರಡು ತಿಂಗಳು ಹಾಗೇ ಹೋಯಿತು. ಆಮೇಲೆ ಹಿರಿಯರೊಬ್ಬರು ಹೇಳಿದರು, ಅಂಥದೇ ಒಂದು ಪ್ಲೇಟಿನಿಂದ ಸ್ವಲ್ಪ ತೆಗೆದು ಹೊಸದರ ಮೇಲೆ ಗೆರೆ ಎಳೆದು (ಸ್ಟ್ರೀಕ್ ಮಾಡಿ) 25ರಲ್ಲಿ ಇಡು ಅಂತ. ಮರುದಿನ ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾದ ಚುಕ್ಕೆಗಳು, ಸಾಸಿವೆಗಿಂತ ಸಣ್ಣಗಿದ್ದವು. ಇನ್ನೊಂದು ದಿನ ಬಿಟ್ಟು, ಬಾಗಿಲು ಮುಚ್ಚಿ, ಹತ್ತು ನಿಮಿಷ ಕತ್ತಲಲ್ಲಿ ಸುಮ್ನೆ ಕೂತೆ. ನಿಧಾನಕ್ಕೆ ನೀಲಿ ಹಸಿರು ಬೆಳಕಿನ ಗೆರೆಗಳು ಕಂಡವು. ನಾನು ಎಳೆದ ಗೆರೆಗಳೇ. ಇವತ್ತಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ನೀನೂ ಹಾಗೇ ಮಾಡು. ಲಕ್ಸ್ ಜೀನುಗಳನ್ನು ಹೊತ್ತ ಪ್ಲಾಸ್ಮಿಡ್ ಅನ್ನುವ ಡಿಎನ್ಎ ಉಂಗುರ ಉಳಿಯಬೇಕಲ್ಲ, ಆಂಟಿಬಯಾಟಿಕ್ ಹಾಕುವುದನ್ನು ಮರೆಯಬೇಡ. ದ್ರವದಲ್ಲಿ ಬೆಳೆಸಿದರೆ ನೋಡುವ ಮುಂಚೆ ಫ್ಲಾಸ್ಕ್ ಚೆನ್ನಾಗಿ ಕುಲುಕು. ಈ ಬೆಳಕಿಗೆ ಆಮ್ಲಜನಕ ಬೇಕೇ ಬೇಕು, ನಿಂತ ದ್ರವದಲ್ಲಿ ಅದು ಬೇಗ ಮುಗಿದುಹೋಗುತ್ತದೆ.

ಇನ್ನೊಂದು ಮಾತು. ಬರೀ ಬೆಳಕನ್ನು ಅಳೆದು ಗ್ರಾಫ್ ಹಾಕಬೇಡ. 37ರಲ್ಲಿ ಜೀವಕೋಶ ಜಾಸ್ತಿ, ಬೆಳಕು ಕಡಿಮೆ. 25ರಲ್ಲಿ ಬೆಳವಣಿಗೆಯೇ ನಿಧಾನ. ಪ್ರತಿ ಸಲವೂ 600 ನ್ಯಾನೋಮೀಟರಿನಲ್ಲಿ OD (ದ್ರವ ಎಷ್ಟು ಮಬ್ಬಾಗಿದೆ, ಅಂದರೆ ಜೀವಕೋಶ ಎಷ್ಟಿದೆ ಅನ್ನುವ ಅಳತೆ) ತೆಗೆದುಕೊಂಡು, ಬೆಳಕನ್ನು ಅದರಿಂದ ಭಾಗಿಸು. ಆಗ ಮಾತ್ರ ಉಷ್ಣಾಂಶ ಬೆಳಕಿಗೆ ಏನು ಮಾಡಿತು, ಬೆಳವಣಿಗೆಗೆ ಏನು ಮಾಡಿತು ಅನ್ನುವುದು ಬೇರೆ ಬೇರೆಯಾಗಿ ಕಾಣುತ್ತದೆ. ಇದರಲ್ಲಿ ಆತುರ ಮಾಡಬೇಡ.

37ರಲ್ಲೇ ಬೆಳಗಬೇಕು ಅಂತ ನಿಮ್ಮ ಗೈಡ್ ಹಟ ಹಿಡಿದರೆ ಫೋಟೊರಾಬ್ಡಸ್‌ನ ಲಕ್ಸ್ ಜೀನುಗಳನ್ನು ಕೇಳು. ಅಡಿಕೆ ತೋಟದ ಗೊಣ್ಣೆಹುಳ ಕೊಲ್ಲಲು ಹೆಟೆರೊರಾಬ್ಡಿಟಿಸ್ ಅನ್ನುವ ಸೂಕ್ಷ್ಮ ದುಂಡುಹುಳು ಬಿಡುತ್ತಾರಲ್ಲ, ಅದರ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಅದು. ಅದರ ಲೂಸಿಫರೇಸ್ 37ರಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ನಿನ್ನ ಪ್ರಶ್ನೆಯೇ ಉಷ್ಣಾಂಶದ್ದು, ನಿನಗೆ ಸೊರಗುವ ಕಿಣ್ವವೇ ಹೆಚ್ಚು ಕಲಿಸುತ್ತದೆ.

ಮುಂದಿನ ಸಲ ಊರಿಗೆ ಬರುವಾಗ ನೋಟ್‌ಬುಕ್ ತಾ. 25, 30, 37 ಮೂರರ ಅಂಕಿಗಳನ್ನೂ ನಾನು ನೋಡಬೇಕು.

ನಿನ್ನ ದೊಡ್ಡಮ್ಮ