ಇಲ್ಲ ಅನ್ನೋಕಾದ್ರೂ ಒಂದು ದಿನ ಗೊತ್ತು ಮಾಡಿ

ಸಂಪಾದಕರೇ,

ನನ್ನ ಮಗಳು ನಾಲ್ಕು ಕಾಲೇಜಿಗೆ ಅರ್ಜಿ ಹಾಕಿ ಏಳು ವಾರ ಆಯ್ತು, ಒಂದರಿಂದ್ಲೂ ಹೂಂ ಇಲ್ಲ ಉಹೂಂ ಇಲ್ಲ. ಪೋರ್ಟಲ್ ತೆಗೆದ್ರೆ ಅದೇ 'ಅಂಡರ್ ರಿವ್ಯೂ'.

ಊಟಕ್ಕೆ ಕೂತಾಗ ಫೋನು ತಟ್ಟೆ ಪಕ್ಕ ಬೋರಲಾಗಿ ಬಿದ್ದಿರುತ್ತೆ, ಟಿಂಗ್ ಅಂದ್ರೆ ಸಾಕು ತುತ್ತು ಅರ್ಧಕ್ಕೇ ಬಿಟ್ಟು ಎಡಗೈಲಿ ತಿರುಗಿಸ್ತಾಳೆ, ನೋಡಿದ್ರೆ ರೀಚಾರ್ಜ್ ಮುಗೀತಾ ಬಂತು ಅನ್ನೋ ಮೆಸೇಜು, ಮತ್ತೆ ಬೋರಲು. ಸ್ಪ್ಯಾಮ್ ಆಯ್ತು, ಟ್ರ್ಯಾಶ್ ಆಯ್ತು, ಮೊನ್ನೆ ಅರ್ಜಿಯ ಪಿಡಿಎಫ್ ತೆಗೆದು ತನ್ನ ಇಮೇಲ್ ವಿಳಾಸದ ಒಂದೊಂದೇ ಅಕ್ಷರ ಬೆರಳಿಟ್ಟು ಓದ್ತಿದ್ಲು, ಅದೂ ಮೂರನೇ ಸಲ.

ನಾನೇನು ಕಮ್ಮಿ ಇಲ್ಲ ಬಿಡಿ. ರಾತ್ರಿ ಅವಳಿಗೆ ಗೊತ್ತಾಗದ ಹಾಗೆ ಅವಳ ಲಾಗಿನ್‌ನಿಂದ ನೋಡೋಕೆ ಹೋಗಿ ಪಾಸ್‌ವರ್ಡ್ ತಪ್ಪು ಹೊಡೆದೆ, ಮತ್ತೆ ಹೊಡೆದೆ, ಅಕೌಂಟ್ 24 ಗಂಟೆ ಲಾಕು. ಬೆಳಿಗ್ಗೆ ಗೊತ್ತಾದಾಗ ಏನಾಯ್ತು ಅಂತ ಇಲ್ಲಿ ಬರೆಯೋದು ಬೇಡ.

2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಒಂದು ಪ್ರಯೋಗ ಮಾಡಿದ್ರು. 45 ಜನಕ್ಕೆ ಕಂಪ್ಯೂಟರ್‌ನಲ್ಲಿ ಕಲ್ಲಿನ ಕೆಳಗೆ ಹಾವಿದ್ಯಾ ಇಲ್ವಾ ಊಹಿಸೋ ಆಟ, ಹಾವಿದ್ರೆ ಕೈಗೆ ಸಣ್ಣ ಶಾಕ್. ಶಾಕ್ ಹೊಡೆದೇ ಹೊಡಿಯುತ್ತೆ ಅಂತ ಖಾತ್ರಿ ಇದ್ದಾಗ ಆದ ಒತ್ತಡಕ್ಕಿಂತ ಹೊಡೀಬಹುದು ಹೊಡೀದೇನೂ ಇರಬಹುದು ಅನ್ನೋ 50-50ರಲ್ಲೇ ಜಾಸ್ತಿ ಒತ್ತಡ ಆಗ್ತಿತ್ತಂತೆ. ನಮ್ಮನೇಲಿ ಏಳು ವಾರದಿಂದ ಆಗ್ತಿರೋದು ಅದೇ, ಹಾವೊಂದು ಇಲ್ಲ ಅಷ್ಟೇ. ಅದಕ್ಕೇ "ತಲೆ ಕೆಡಿಸ್ಕೋಬೇಡ, ಬೇರೆ ಏನಾದ್ರೂ ಮಾಡು" ಅನ್ನೋ ನೆಂಟರ ಉಪದೇಶಕ್ಕೆ ನಂಗೆ ಸಿಟ್ಟು ಬರೋದು. ಕ್ಯಾಲಿಫೋರ್ನಿಯಾದಲ್ಲಿ ವಕೀಲಿಕೆ ಪರೀಕ್ಷೆ ಬರೆದು ರಿಸಲ್ಟ್ ಕಾಯ್ತಿದ್ದವರ ಮೇಲೆ ಕೇಟ್ ಸ್ವೀನಿ ಅನ್ನೋ ಮನಶ್ಶಾಸ್ತ್ರಜ್ಞೆ ಅಧ್ಯಯನ ಮಾಡಿದ್ದಾರೆ, ಆತಂಕ ಕಮ್ಮಿ ಮಾಡ್ಕೊಳೋಕೆ ಅವರು ಹೂಡಿದ ಉಪಾಯಗಳು ಹೆಚ್ಚುಕಮ್ಮಿ ಯಾವ್ದೂ ನಡೀಲಿಲ್ವಂತೆ.

ಆಫೀಸಿಗೂ ಫೋನ್ ಮಾಡಿದೆ. "ಇಮೇಲ್ ಬರುತ್ತೆ ಮೇಡಂ." ಯಾವಾಗ? "ಬಂದಾಗ ಬರುತ್ತೆ." ಪಾಪ ಆ ಹುಡುಗನಿಗೂ ಗೊತ್ತಿಲ್ಲ ಅನ್ಸುತ್ತೆ.

ಅವರ ಕಷ್ಟ ನಂಗೆ ಅರ್ಥ ಆಗಲ್ಲ ಅಂತಲ್ಲ. ಕರೆದವರೆಲ್ಲ ಸೇರಲ್ಲ, ಅದಕ್ಕೇ ಎಷ್ಟೋ ಕಾಲೇಜಿನವರು ಇರೋ ಸೀಟಿಗಿಂತ ಜಾಸ್ತಿ ಜನಾನ ಕರೀತಾರೆ, ಮೇಲೆ ವೇಟಿಂಗ್ ಲಿಸ್ಟ್ ಬೇರೆ. ನಾಲ್ಕು ಕಡೆ ಸೀಟು ಸಿಕ್ಕಿದವರು ಕೂರೋದು ಒಂದೇ ಕಡೆ, ಬೇಡ ಅಂತ ಒಂದು ಕ್ಲಿಕ್ ಮಾಡೋವರೆಗೂ ಉಳಿದ ಮೂರು ಸೀಟು ನೇತಾಡ್ತಾನೇ ಇರುತ್ತೆ, ಆ ಕಡೆ ಯಾವ್ದೋ ಮಗು ಫೋನ್ ಬೋರಲು ಹಾಕ್ಕೊಂಡು ಕೂತಿರುತ್ತೆ. ನಿರ್ಧಾರ ಆಗಿರೋ ಮಕ್ಕಳು, ಅವರ ಅಪ್ಪ ಅಮ್ಮ, ದಯವಿಟ್ಟು ಇವತ್ತೇ ಆ ಕ್ಲಿಕ್ ಮಾಡಿ.

ಕಾಲೇಜಿನವರಿಗೆ ಕೇಳೋದಿಷ್ಟೇ. ಇಂಥ ದಿನ ಇಷ್ಟು ಗಂಟೆಗೆ ಹೇಳ್ತೀವಿ ಅಂತ ಪೋರ್ಟಲ್‌ನಲ್ಲಿ ಹಾಕಿ, ತಡ ಆದ್ರೆ ತಡ ಆಗುತ್ತೆ ಅಂತ ಹಾಕಿ. ವೇಟಿಂಗ್ ಲಿಸ್ಟಲ್ಲಿದ್ರೆ ಎಷ್ಟನೇ ನಂಬರ್ ಅಂತ ತಿಳಿಸಿ. ಸೀಟು ಕೊಡಲ್ಲ ಅಂದ್ರೆ ಅದನ್ನೂ ಒಂದು ಸಾಲು ಬರೆದು ಕಳಿಸಿ, ಸುಮ್ಮನಿರೋದನ್ನೇ ಉತ್ತರ ಅಂದ್ಕೊಂಡು ಅರ್ಥ ಮಾಡ್ಕೊಳ್ಳೋಕೆ ಹದಿನೇಳು ವರ್ಷದ ಹುಡುಗಿಗೆ ಎಷ್ಟು ವಾರ ಬೇಕು ಹೇಳಿ.

ಲಾಕ್ ಇವತ್ತು ರಾತ್ರಿ ಒಂಬತ್ತಕ್ಕೆ ಬಿಡುತ್ತೆ. ಪಾಸ್‌ವರ್ಡ್ ಬದಲಾಯಿಸಿದ್ದಾಳಂತೆ, ನಂಗೆ ಹೇಳಲ್ವಂತೆ.

– ಒಬ್ಬ ತಾಯಿ