ಕಾರ್ಖಾನೆ ಒಳಗಿನ ಫೋಟೊ ಗುಂಪಿಗೆ ಹಾಕಬೇಡಿ

ಎಲ್ಲರಿಗೂ ನಮಸ್ಕಾರ. ಮುಂಬೈ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವರು ಈ ಗುಂಪಿನಲ್ಲಿ ಬಹಳ ಮಂದಿ ಇದ್ದೀರಿ. ನಿನ್ನೆ ರಾತ್ರಿ ಒಬ್ಬರು ಕಂಟ್ರೋಲ್ ರೂಮಿನ ಸ್ಕ್ರೀನ್ ಮುಂದೆ ನಿಂತು ಸೆಲ್ಫಿ ಹಾಕಿದ್ದರು. ಫೋಟೊ ಚೆನ್ನಾಗಿತ್ತು, ಆದರೂ ತೆಗೆದಿದ್ದೇವೆ. ಬೇಜಾರು ಮಾಡ್ಕೋಬೇಡಿ.

ಕಾರಣ ಇದೆ. 2017ರಲ್ಲಿ ಸೌದಿ ಅರೇಬಿಯದ ಒಂದು ಪೆಟ್ರೋಕೆಮಿಕಲ್ ಘಟಕದ ಕಂಪ್ಯೂಟರ್ ಜಾಲದೊಳಗೆ ನುಗ್ಗಿದವರು 'ಟ್ರೈಟಾನ್' ಎಂಬ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಬಿಟ್ಟರು. ಅದರ ಗುರಿ ಆಫೀಸಿನ ಕಂಪ್ಯೂಟರ್ ಅಲ್ಲ. ಒತ್ತಡ, ಬಿಸಿ ಮಿತಿ ಮೀರಿದರೆ ಘಟಕವನ್ನು ತಾನಾಗಿ ನಿಲ್ಲಿಸುವ ಸುರಕ್ಷತಾ ವ್ಯವಸ್ಥೆಯೇ ಗುರಿ. ಅವರ ಲೆಕ್ಕ ತಪ್ಪಿ ಘಟಕ ನಿಂತುಹೋಯಿತು, ಗುಟ್ಟು ಬಯಲಾಯಿತು. ಸ್ಕ್ರೀನಿನ ಫೋಟೊದಲ್ಲಿ ಯಂತ್ರದ ಮಾದರಿ, ಟ್ಯಾಂಕ್ ನಂಬರ್ ಎಲ್ಲ ಕಾಣುತ್ತದೆ ಅಲ್ವಾ? ಅದು ಇಂಥವರ ಕೈಗೆ ಸಿಗಬಾರದು. ಎಲ್ಲೋ ಸಿಕ್ಕ ಪೆನ್‌ಡ್ರೈವನ್ನು ಸುಮ್ನೆ ಹಾಕಿ ನೋಡುವುದೂ ಬೇಡ, ಅದರಲ್ಲೂ ಮಾಲ್‌ವೇರ್ ಇರಬಹುದು.

ಇನ್ನು ಮನೆಯವರಿಗೆ. 2016ರ ಮೇ, 2024ರ ಮೇ, ಎರಡೂ ಸಲ ಇಲ್ಲಿನ ಸ್ಫೋಟಕ್ಕೆ ಸುತ್ತಲಿನ ಮನೆಗಳ ಗಾಜು ಪುಡಿಯಾಗಿತ್ತು. ದೊಡ್ಡ ಸದ್ದು ಕೇಳಿದರೆ ಕಿಟಕಿಗೆ ಓಡಬೇಡಿ, ಕುತೂಹಲ ಎಷ್ಟೇ ಜಾಸ್ತಿ ಇರಲಿ. ಅನಿಲ ಸೋರಿದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ, ಅಂದರೆ ಪಕ್ಕಕ್ಕೆ ನಡೆಯಿರಿ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ, ಬೇಸ್‌ಮೆಂಟಿಗೆ ಇಳಿಯಬೇಡಿ. ಹೊರಡಲು ಆಗದಿದ್ದರೆ ಬಾಗಿಲು, ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, 112ಕ್ಕೆ ಫೋನ್ ಮಾಡಿ.

ರಾಸಾಯನಿಕ ಅಪಘಾತಗಳ ಕುರಿತ 1996ರ ನಿಯಮಗಳಲ್ಲಿ ಸಾರ್ವಜನಿಕರಿಗೆ ಮಾಹಿತಿ ಕೊಡಬೇಕು ಎಂದಿದೆ. ಶನಿವಾರ ಸಂಜೆ ಸೇರಿದಾಗ ಅದಕ್ಕೊಂದು ಅರ್ಜಿ ಬರೆಯೋಣ. ಮರಾಠಿ ಚೆನ್ನಾಗಿ ಬರೆಯುವವರು ಒಬ್ಬರು ಬೇಕು. ಯಾರು ಬರ್ತೀರಿ?