‘ಯಾಕೋ ಒಪ್ಪಲ್ಲ’ ಅನ್ನುವ ಮಾತಿನ ಬಗ್ಗೆ

ಚಿ. ಶ್ವೇತಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಗೌರಿ ಹಬ್ಬದ ದಿನ ನಿಮ್ಮ ಮಹಡಿ ಮನೆಗೆ ಬಾಡಿಗೆ ಕೇಳಿಕೊಂಡು ಬಂದ ಹುಡುಗನ ಜಾತಿ ಗೊತ್ತಾದ ಮೇಲೆ ನಿನ್ನ ಅಪ್ಪ, ‘ಮನಸ್ಸಿಗೆ ಯಾಕೋ ಒಪ್ಪಲ್ಲ’ ಅಂದ. ನಾನು ವಾದಕ್ಕಿಳಿದೆ. ನೀನು ನನ್ನನ್ನೇ ಸುಮ್ಮನಾಗಿಸಿದೆ: ‘ಬಿಡಿ ದೊಡ್ಡಪ್ಪ, ಸರಿ ತಪ್ಪು ಅನ್ನೋದೆಲ್ಲ ಅವರವರ ಭಾವನೆ. ಕಾರಣ ಆಮೇಲೆ ಹುಡುಕಿಕೊಳ್ಳೋದು.’ ಅವತ್ತಿನಿಂದ ಆ ಮಾತು ತಲೆಯಲ್ಲೇ ಕೂತಿದೆ.

ನೀನು ಓದಿಕೊಂಡೇ ಹೇಳಿದ್ದೀಯ, ಗೊತ್ತು. ವಿಚಾರ ಭಾವನೆಯ ಗುಲಾಮ ಅಂತ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1739–40ರಲ್ಲೇ ಬರೆದ. ನಮ್ಮ ಬುದ್ಧಿ ನ್ಯಾಯಾಧೀಶನಂತಲ್ಲ, ವಕೀಲನಂತೆ ಕೆಲಸ ಮಾಡುತ್ತದೆ, ಮನಸ್ಸು ಮೊದಲೇ ತೀರ್ಪು ಕೊಟ್ಟಿರುತ್ತದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ 2001ರಲ್ಲಿ ಹೇಳಿದ. ಇದರಲ್ಲಿ ನಿಜ ಬಹಳ ಇದೆ. ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ನನಗಾಗ ಒಂಬತ್ತು ವರ್ಷ. ತೆಂಗಿನಕಾಯಿ ಸುಲಿಯಲು ಬರುತ್ತಿದ್ದ ಆಳಿಗೆ ಅಮ್ಮ ಹಿತ್ತಿಲಲ್ಲಿ ಮಜ್ಜಿಗೆ ಕೊಡುತ್ತಿದ್ದಳು. ಕರಿಬೇವು, ಉಪ್ಪು, ಒಂದು ಚೂರು ಶುಂಠಿ ಜಜ್ಜಿ ಹಾಕಿ, ಮನೆಯವರಿಗೆ ಮಾಡಿದ ಹಾಗೇ. ಆದರೆ ಅವನು ಬಗ್ಗಿ ಬೊಗಸೆ ಒಡ್ಡಬೇಕು, ಅಮ್ಮ ಕೈ ಎತ್ತಿ ಮೇಲಿನಿಂದ ಹೊಯ್ಯಬೇಕು. ಮಜ್ಜಿಗೆ ಅವನ ಮುಂಗೈ ಮೇಲೆ ಹರಿದು ಮೊಣಕೈಯಲ್ಲಿ ತೊಟ್ಟಿಕ್ಕುತ್ತಿತ್ತು. ಲೋಟ ಯಾಕೆ ಕೊಡಲ್ಲ ಅಂತ ಕೇಳಿದೆ. ‘ಹಾಗೆಲ್ಲ ಕೇಳಬಾರದು’ ಅಂದಳು. ಬಿಸಿಲಲ್ಲಿ ದಣಿದಿದ್ದಾನೆ ಅನ್ನುವ ಮರುಕವೂ ಅವಳದೇ, ಮುಟ್ಟಿದರೆ ಮೈಲಿಗೆ ಅನ್ನುವ ಹೇಸಿಗೆಯೂ ಅವಳದೇ. ಎರಡೂ ತಾವಾಗಿಯೇ ಬರುತ್ತಿದ್ದವು. ಭಾವನೆಯೇ ಕೊನೆಯ ಮಾತು ಅನ್ನುವುದಾದರೆ ಇವೆರಡರಲ್ಲಿ ಯಾವುದನ್ನು ನಂಬೋಣ, ಹೇಳು?

ಮಹಾರಾಷ್ಟ್ರದ ಮಹಾಡ ಊರಿನ ಚವದಾರ್ ಕೆರೆಯನ್ನೇ ನೋಡು. ದನಕರು ಕುಡಿಯುತ್ತಿದ್ದ ಕೆರೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ತಮ್ಮವರೊಂದಿಗೆ ಹೋಗಿ ಬೊಗಸೆಯಲ್ಲಿ ನೀರು ಕುಡಿದರು. ಆಮೇಲೆ ಮೇಲ್ಜಾತಿಯವರು ಸಗಣಿ, ಗಂಜಳ, ಹಾಲು, ಮೊಸರು ತುಂಬಿದ 108 ಕೊಡ ಸುರಿದು ಕೆರೆಯನ್ನು ಶುದ್ಧಿ ಮಾಡಿದರು. ಅವರಿಗೆ ನೀರು ಕೆಟ್ಟಿತು ಅಂತ ಅನ್ನಿಸಿದ್ದು ಸುಳ್ಳಲ್ಲ, ಒಳಗಿನಿಂದಲೇ ಅನ್ನಿಸಿತ್ತು. ದನ ಕುಡಿದಾಗ ಕೆಡದ ನೀರು ಮನುಷ್ಯ ಕುಡಿದರೆ ಹೇಗೆ ಕೆಡುತ್ತದೆ? ಈ ಪ್ರಶ್ನೆಗೆ ಆ ಅನ್ನಿಸಿಕೆಯ ಹತ್ತಿರ ಉತ್ತರವಿರಲಿಲ್ಲ. ಕೆರೆಯ ನೀರಿನ ಹಕ್ಕಿನ ಮೊಕದ್ದಮೆ ಹತ್ತು ವರ್ಷ ಎಳೆದು, 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಅಂಬೇಡ್ಕರ್ ಗೆದ್ದರು.

ಅದೇ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಹಾಸ್ಟೆಲ್ಲಿನಲ್ಲಿ. ಪಕ್ಕದ ಮಂಚದ ಗೆಳೆಯ ತನ್ನ ಮನೆಯಿಂದ ತಂದ ರೊಟ್ಟಿ ಮುರಿದು ಕೊಟ್ಟ. ತಿಂದರೆ ತಪ್ಪಿಲ್ಲ ಅಂತ ಬುದ್ಧಿ ಒಪ್ಪಿತ್ತು, ಗಂಟಲು ಒಪ್ಪಲಿಲ್ಲ. ತುತ್ತು ಬಾಯಲ್ಲೇ ನಿಂತಿತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಆ ನೋಟ ಇವತ್ತಿಗೂ ಮರೆತಿಲ್ಲ. ನುಂಗಿದೆ. ಮುಂದಿನ ವಾರವೂ ತಿಂದೆ. ಯುಗಾದಿ ಹೊತ್ತಿಗೆ ಅವನು ಊರಿಂದ ತರುವ ಬುತ್ತಿಗೆ ನಾನೇ ಕಾಯುತ್ತಿದ್ದೆ. ನನ್ನಲ್ಲಿ ವಿಚಾರ ಮುಂದೆ ನಡೆಯಿತು, ಭಾವನೆ ಆಮೇಲೆ ಬಂದು ಕೂಡಿಕೊಂಡಿತು. ಸರಿಯಾದ ಭಾವನೆ ಹುಟ್ಟುವ ಮೊದಲು ಎಷ್ಟೋ ಸಲ ಬೇಕಾದಷ್ಟು ವಿಚಾರ ನಡೆದಿರಬೇಕಾಗುತ್ತದೆ ಅಂತ ಅದೇ ಹ್ಯೂಮ್ 1751ರಲ್ಲಿ ಬರೆದಿದ್ದಾನೆ. ಅದನ್ನೂ ಓದು. ಹೈಟ್ ಕೂಡ, ಒಬ್ಬರ ವಾದ ಇನ್ನೊಬ್ಬರ ಮನಸ್ಸನ್ನು ತಿರುಗಿಸಬಲ್ಲದು ಅನ್ನುವುದನ್ನು ಅಲ್ಲಗಳೆದಿಲ್ಲ. ನಮ್ಮ ತಪ್ಪು ನಮಗೆ ಕಾಣುವುದು ಕಷ್ಟ, ಎದುರಿಗೆ ಕೂತು ಕೇಳುವವರು ಬೇಕು.

ಒಂದು ಕೊರಗು ಹೇಳುತ್ತೇನೆ ಮಗಳೇ. ಅಮ್ಮನನ್ನು ನಾನು ಮತ್ತೆ ಕೇಳಲೇ ಇಲ್ಲ. ದೊಡ್ಡವನಾದ ಮೇಲೆ, ಹೇಗೆ ಕೇಳಬೇಕೆಂದು ಗೊತ್ತಾದ ಮೇಲೂ ಕೇಳಲಿಲ್ಲ. ಅವಳ ಭಾವನೆ ಅವಳಿಗೆ ಅಂತ ಬಿಟ್ಟುಬಿಟ್ಟೆ. ಅಷ್ಟು ಮರುಕವಿದ್ದ ಹೆಂಗಸು, ಕೇಳಿದ್ದರೆ ಬಹುಶಃ ಲೋಟ ಕೊಡುತ್ತಿದ್ದಳು.

ಮಹಡಿ ಮನೆ ಇನ್ನೂ ಖಾಲಿ ಇದೆ ಅಂತ ನಿನ್ನ ಅಪ್ಪ ನಿನ್ನೆ ಫೋನಿನಲ್ಲಿ ಹೇಳಿದ. ನಾನು ಕೇಳಿದರೆ ಅಣ್ಣನ ಉಪದೇಶ ಅಂದುಕೊಳ್ಳುತ್ತಾನೆ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಾಗ, ಪಕ್ಕದಲ್ಲಿ ಕೂತು, ನೀನು ಕೇಳು.

ಇಂತಿ,
ನಿನ್ನ ದೊಡ್ಡಪ್ಪ